ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊಳೆಯ ಹಡಗಿನಲ್ಲಿ: ಹೋಗಿಬಂದವರು ಯಾರಾದರೂ ಇದ್ದೀರಾ?

ಜಯನಗರದ ಮಗಳು

ಎಲ್ಲರಿಗೂ ನಮಸ್ಕಾರ. ಮುಂದಿನ ಜೂನ್‌ನಲ್ಲಿ ಅಮ್ಮನನ್ನು ರಷ್ಯಾಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅವರಿಗೆ 67 ವರ್ಷ. ಸರ್ಕಾರಿ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. “ವೋಲ್ಗಾ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಒಮ್ಮೆ ಆ ನೀರು ಮುಟ್ಟಬೇಕು” ಎನ್ನುತ್ತಾರೆ. ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್‌ವರೆಗೆ ಹೊಳೆ, ಕಾಲುವೆ, ಸರೋವರಗಳ ಮೇಲೆ ಹಡಗು ಹೋಗುತ್ತದೆ ಎಂದು ತಿಳಿದಾಗಿನಿಂದ ಅವರಿಗೆ ಅದೇ ಧ್ಯಾನ.

ನಾನು ವಿಚಾರಿಸಿದ ಏಜೆಂಟ್ ಮಾತ್ರ ಬೇಡವೇ ಬೇಡ ಎಂದರು. ರೈಲಿನಲ್ಲಿ ನಾಲ್ಕು ಗಂಟೆಯ ದಾರಿಗೆ ಹತ್ತು ಹನ್ನೊಂದು ದಿನ ಯಾಕೆ, ನೋಡಲು ಏನಿದೆ, ನೀರು, ಮರ, ಮತ್ತೆ ನೀರು ಎಂದರು. ನಿಜವೇ? ಅಮ್ಮನಿಗೆ ಮಂಡಿನೋವು ಇದೆ. ಮೊಟ್ಟೆಯನ್ನೂ ತಿನ್ನುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಹೊಳೆಬಾಗಿಲು

ಕಳೆದ ಜೂನ್‌ನಲ್ಲಿ ನಾನೂ ನನ್ನ ಹೆಂಡತಿಯೂ ಹೋಗಿಬಂದೆವು. ನಿಮ್ಮ ತಾಯಿಯವರನ್ನು ಕರೆದುಕೊಂಡು ಹೋಗಿ. ಅದರಲ್ಲೂ ಭೂಗೋಳದ ಟೀಚರ್ ಎಂದ ಮೇಲೆ ರೈಲಿನ ಯೋಚನೆಯನ್ನೇ ಬಿಡಿ.

ನೀರು, ಮರ ಎಂಬ ಮಾತು ಸುಳ್ಳಲ್ಲ. ಆದರೆ ಆ ನೀರು ಅಲ್ಲಿಗೆ ಹೇಗೆ ಬಂತು ಎಂದು ತಿಳಿದು ಕುಳಿತರೆ ಕಣ್ಣು ಕೀಳಲು ಆಗುವುದಿಲ್ಲ. ಮಾಸ್ಕೋದ ಉತ್ತರ ನದಿ ನಿಲ್ದಾಣದಲ್ಲಿ ಹಡಗು ಹತ್ತುತ್ತೀರಿ. 1937ರ ಕಟ್ಟಡ, ನೆತ್ತಿಯ ಮೇಲೆ ಉದ್ದನೆಯ ಗೋಪುರ, ಅದರ ತುದಿಯಲ್ಲಿ ನಕ್ಷತ್ರ. ದುರಸ್ತಿ ಮುಗಿಸಿ 2020ರಲ್ಲಿ ಮತ್ತೆ ತೆರೆದಿದ್ದಾರೆ. ಅಲ್ಲಿ ನೀರಿನ ಮಟ್ಟ ಸಮುದ್ರದಿಂದ 162 ಮೀಟರ್ ಮೇಲಿದೆ. 128 ಕಿಲೋಮೀಟರಿನ ಮಾಸ್ಕೋ ಕಾಲುವೆ ದಾಟಿ ಡುಬ್ನಾದ ಕೆಳಗೆ ವೋಲ್ಗಾ ಸೇರುವ ಹೊತ್ತಿಗೆ ಹಡಗು ಆರು ಲಾಕ್‌ಗಳಲ್ಲಿ (ನೀರು ತುಂಬಿ ಅಥವಾ ಬಿಟ್ಟು ಹಡಗನ್ನು ಏರಿಸುವ, ಇಳಿಸುವ ಬಾಗಿಲಿನ ತೊಟ್ಟಿಗಳು) ಮೆಟ್ಟಿಲಿಳಿದಂತೆ ಇಳಿದಿರುತ್ತದೆ. ಮುಂದೆ ಶೆಕ್ಸ್ನಾ ನದಿಯಲ್ಲಿ ಮತ್ತೆ ಹತ್ತುತ್ತದೆ. ಬಿಳಿ ಸರೋವರ ದಾಟಿದ ಮೇಲೆ ವೀತೆಗ್ರಾ ಕಡೆ ಒಂದರ ಹಿಂದೆ ಒಂದು ಆರು ಲಾಕ್‌ಗಳಲ್ಲಿ 80 ಮೀಟರ್ ಇಳಿದು ಒನೆಗಾ ಸರೋವರ ಸೇರುತ್ತದೆ. ಅಲ್ಲಿಂದ ಸ್ವೀರ್ ನದಿ, ಲಡೋಗಾ ಸರೋವರ, ಕೊನೆಗೆ ನೇವಾ. ಒಟ್ಟು ಸುಮಾರು 1,300 ಕಿಲೋಮೀಟರ್.

ಮೊದಲ ಲಾಕ್ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 290 ಮೀಟರ್ ಉದ್ದ, 30 ಮೀಟರ್ ಅಗಲದ ಕಾಂಕ್ರೀಟಿನ ತೊಟ್ಟಿ. ಹಡಗು ಒಳಗೆ ಬಂದು ನಿಂತ ಮೇಲೆ ಹಿಂದಿನ ಬಾಗಿಲು ಮುಚ್ಚಿತು. ಸದ್ದೇ ಇಲ್ಲ. ಪಕ್ಕದ ಗೋಡೆ ಕದಲಿತು ಅನ್ನಿಸಿತು, ಕದಲಿದ್ದು ನಾವು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಸಿ ಗೋಡೆ ಮೇಲೇರುತ್ತಾ ಹೋಯಿತು. ಬಾವಿಗೆ ಇಳಿದಾಗ ಬರುವ ಪಾಚಿಯ ವಾಸನೆ, ಬಿರುಕುಗಳಿಂದ ಜಿನುಗುವ ನೀರು, ಎರಡು ಕಲ್ಲಿನ ಸಂದಿಯಲ್ಲಿ ಬೇರೂರಿದ ಒಂದು ಸಣ್ಣ ಗಿಡ. ಆಮೇಲೆ ಮುಂದಿನ ಬಾಗಿಲು ತೆರೆದುಕೊಂಡಿತು, ತಗ್ಗಿನಲ್ಲಿ ಹೊಸ ನೀರು ಕಾಣಿಸಿತು. ಯಾಖ್ರೊಮಾ ಬಳಿಯ ಮೂರನೇ ನಂಬರಿನ ಲಾಕ್‌ನ ಗೋಪುರಗಳ ಮೇಲೆ ಕೊಲಂಬಸನ ಸಾಂತಾ ಮಾರಿಯಾ ಹಡಗಿನ ತಾಮ್ರದ ಪ್ರತಿಕೃತಿಗಳಿವೆ. ಅದನ್ನು ತಪ್ಪಿಸಿಕೊಳ್ಳಬೇಡಿ. ಹಾಗೆಯೇ ಈ ಕಾಲುವೆಯನ್ನು 1932ರಿಂದ 1937ರವರೆಗೆ ತೋಡಿದವರು ಸ್ಟಾಲಿನ್ ಕಾಲದ ಕೈದಿಗಳು, ಸಾವಿರಾರು ಜನ ಇಲ್ಲಿಯೇ ಮಡಿದರು ಎನ್ನುವುದನ್ನೂ ತಿಳಿದು ಹೋಗಿ. ಹಡಗಿನ ಮೈಕಿನಲ್ಲಿ ತಾಮ್ರದ ಹಡಗಿನ ಬಗ್ಗೆ ಹೇಳುತ್ತಾರೆ, ಕೈದಿಗಳ ಬಗ್ಗೆ ನಮ್ಮ ಪ್ರಯಾಣದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿದರು. ನನಗೆ ಅದು ಸರಿ ಕಾಣಲಿಲ್ಲ.

ಮಂಡಿನೋವಿನ ವಿಷಯ. ಈ ದಾರಿಯ ಬಹಳಷ್ಟು ಹಡಗುಗಳು 1980ರ ದಶಕದಲ್ಲಿ ಪೂರ್ವ ಜರ್ಮನಿಯಲ್ಲಿ ಕಟ್ಟಿದವು, ಒಳಗೆ ನವೀಕರಿಸಿದ್ದಾರೆ. ನಾಲ್ಕು ಅಂತಸ್ತು, ನಮ್ಮ ಹಡಗಿನಲ್ಲಿ ಲಿಫ್ಟ್ ಇರಲಿಲ್ಲ. ಊಟದ ಹಾಲ್ ಯಾವ ಅಂತಸ್ತಿನಲ್ಲಿದೆ ಎಂದು ಮೊದಲೇ ಕೇಳಿ ಅದೇ ಅಂತಸ್ತಿನಲ್ಲಿ ಕೋಣೆ ಹಿಡಿಯಿರಿ. ತಳದ ಅಂತಸ್ತು ಬೇಡ, ಅಲ್ಲಿ ಕಿಟಕಿ ಎಂದರೆ ತಟ್ಟೆಯಗಲದ ಗಾಜು. ಇನ್ನೊಂದು ವಿಷಯ: ದಡದಲ್ಲಿ ಜಾಗ ಸಾಲದಾಗ ಹಡಗಿಗೆ ಹಡಗು ಒತ್ತಿ ನಿಲ್ಲಿಸುತ್ತಾರೆ, ಎರಡು ಮೂರು ಹಡಗುಗಳ ಒಳಗಿಂದ ದಾಟಿಕೊಂಡು ದಡ ಸೇರಬೇಕು. ಅವಸರ ಮಾಡದಿದ್ದರೆ ಕಷ್ಟವಿಲ್ಲ. ಲಡೋಗಾ ಸರೋವರದ ವಲಾಮ್ ದ್ವೀಪದಲ್ಲಿ ಮಾತ್ರ ಮೆಟ್ಟಿಲು ಜಾಸ್ತಿ.

ತ್ವೆರ್‌ನಲ್ಲಿ ಓದಿದ ಡಾಕ್ಟರ್

ಪುತ್ತೂರಿನವನು, ವೋಲ್ಗಾ ದಡದ ತ್ವೆರ್ ಪಟ್ಟಣದಲ್ಲಿ ಆರು ವರ್ಷ ವೈದ್ಯಕೀಯ ಓದಿದವನು. ಊಟದ ಬಗ್ಗೆ ನಾನು ಹೇಳುತ್ತೇನೆ.

ಅಮ್ಮನಿಗೆ ಈ ವಾಕ್ಯ ಕಲಿಸಿ: “ಯಾ ನ್ಯೆ ಯೆಮ್ ನಿ ಮ್ಯಾಸಾ, ನಿ ರೀಬಿ.” ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂದರ್ಥ. ಆದರೆ ಅಷ್ಟು ಸಾಲದು. ಬೋರ್ಷ್ ಎಂಬ ಬೀಟ್‌ರೂಟ್ ಸಾರು ಕೆಂಪಗೆ ಚೆಂದ ಕಾಣುತ್ತದೆ, ತೇಲುವುದೆಲ್ಲ ತರಕಾರಿಯೇ, ಆದರೆ ಸಾಮಾನ್ಯವಾಗಿ ಅದನ್ನು ದನದ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಆ ನೀರಿಗೆ ಬುಲ್ಯೋನ್ ಎನ್ನುತ್ತಾರೆ, ಕೇಳಿ ತಿಳಿದುಕೊಳ್ಳಿ. ನಾನು ಮೊದಲ ತಿಂಗಳು ಎರಡು ವಾರ ಅದನ್ನು ತರಕಾರಿ ಸಾರು ಎಂದೇ ಕುಡಿದಿದ್ದೆ. “ಪೋಸ್ತ್ನೊಯೆ” ಎಂಬ ಪದ ನೆನಪಿಟ್ಟುಕೊಳ್ಳಿ. ಆರ್ಥೊಡಾಕ್ಸ್ ಚರ್ಚಿನವರು ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಟ್ಟು ಉಣ್ಣುವ ಅಡುಗೆಗೆ ಹಾಗೆನ್ನುತ್ತಾರೆ. ಮೀನಿನ ವಿಷಯದಲ್ಲಿ ಮಾತ್ರ ಕೆಲವು ದಿನ ವಿನಾಯಿತಿ ಇರುವುದರಿಂದ ಅದನ್ನು ಬೇರೆ ಹೇಳಬೇಕು. ಸಸ್ಯಾಹಾರ ಎಂದರೆ ಕಣ್ಣು ಬಿಡುವ ಅಡುಗೆಯವರಿಗೂ ಈ ಪದ ಹೇಳಿದರೆ ಕೂಡಲೇ ತಿಳಿಯುತ್ತದೆ.

ಗ್ರೆಚ್ಕಾ ಎಂಬ ಧಾನ್ಯವನ್ನು ಅನ್ನದಂತೆ ಬೇಯಿಸಿ ಬೆಣ್ಣೆ ಹಾಕಿ ಕೊಡುತ್ತಾರೆ, ಹೊಟ್ಟೆಗೆ ಹಿತ. ಕಪ್ಪು ರೈ ಬ್ರೆಡ್, ತ್ವೊರೊಗ್ ಎಂಬ ಪನೀರಿನಂಥ ಗಿಣ್ಣು, ನಮ್ಮ ಹುಳಿ ಮಜ್ಜಿಗೆಯಂಥ ಕೆಫೀರ್, ಆಲೂಗಡ್ಡೆ, ಸೌತೆಕಾಯಿ ಎಲ್ಲೆಲ್ಲೂ ಸಿಗುತ್ತವೆ. ಎಲ್ಲದರ ಮೇಲೂ ಸಬ್ಬಸಿಗೆ ಸೊಪ್ಪು ಉದುರಿಸುತ್ತಾರೆ. ನನ್ನ ಜೊತೆ ಓದಿದ ಮಂಡ್ಯದ ಹುಡುಗನೊಬ್ಬ ಆ ವಾಸನೆಗೇ ಮನೆ ನೆನಪಾಗುತ್ತದೆ ಎಂದು ಅತ್ತದ್ದು ನೋಡಿದ್ದೇನೆ. ಹಡಗಿನಲ್ಲಿ ಕುದಿಯುವ ನೀರು ಯಾವಾಗಲೂ ಸಿಗುತ್ತದೆ. ಗೊಜ್ಜವಲಕ್ಕಿ, ಚಟ್ನಿಪುಡಿ ಒಯ್ಯಿರಿ.

ಹಣ: ಹೊರದೇಶದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ. ಗೀಚಿಲ್ಲದ, ಮಡಿಕೆಯಿಲ್ಲದ ಡಾಲರ್ ಅಥವಾ ಯೂರೊ ನೋಟು ಒಯ್ದು ಅಲ್ಲಿನ ಬ್ಯಾಂಕಿನಲ್ಲಿ ರೂಬಲ್ ಮಾಡಿಸಿ. ಇ-ವೀಸಾ 2023ರ ಆಗಸ್ಟ್‌ನಿಂದ ಭಾರತೀಯರಿಗೂ ಸಿಗುತ್ತಿದೆ, ರಷ್ಯಾದ ಅಧಿಕೃತ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಎಷ್ಟು ದಿನ ಇರಬಹುದು ಎಂಬ ನಿಯಮ ಬದಲಾಗುತ್ತಿರುತ್ತದೆ, ಹಡಗಿನ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಬೀದರ ಕೋಟೆ

ಡಾಕ್ಟರೇ, ತ್ವೆರ್ ಎಂದಿರಿ, ನನ್ನ ಮೈ ಜುಮ್ಮೆಂದಿತು. ಅಫನಾಸಿ ನಿಕಿತಿನ್ ಅದೇ ಊರಿನವನಲ್ಲವೇ! 15ನೇ ಶತಮಾನದಲ್ಲಿ ವ್ಯಾಪಾರಕ್ಕೆಂದು ವೋಲ್ಗಾದಲ್ಲಿ ದೋಣಿ ಹತ್ತಿದವನು. ಅಸ್ತ್ರಾಖಾನ್ ಬಳಿ ತಾತಾರರು ದೋಚಿದರು. ಬರಿಗೈಯಲ್ಲಿ ಊರಿಗೆ ಹೋದರೆ ಸಾಲಗಾರರ ಕಾಟ ಎಂದು ಪರ್ಷಿಯಾ ದಾಟಿ, ಹೊರ್ಮುಜ್‌ನಲ್ಲಿ ಹಡಗು ಹತ್ತಿ ಚೌಲ್ ಬಂದರಿಗೆ ಇಳಿದು, ಜುನ್ನಾರ್ ದಾರಿಯಾಗಿ ನಮ್ಮ ಬೀದರಕ್ಕೆ ಬಂದ. ಮಾರಲು ತಂದಿದ್ದದ್ದು ಒಂದೇ ಒಂದು ಕುದುರೆ. ಅದನ್ನೂ ಜುನ್ನಾರಿನ ಖಾನ್ ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಎಂದಿದ್ದ. ಹೇಗೋ ಬಿಡಿಸಿಕೊಂಡು, ತಿಂಗಳುಗಟ್ಟಲೆ ಸಾಕಿ, ಕೊನೆಗೆ ಬೀದರದಲ್ಲಿ ಮಾರಿದ. ಸುಲ್ತಾನನ ಅರಮನೆಗೆ ಏಳು ಬಾಗಿಲು ಎಂದು ಬರೆದಿಟ್ಟಿದ್ದಾನೆ. ಮಹಮೂದ್ ಗವಾನನ ಕಾಲ ಅದು. ನಮ್ಮ ಸೀಮೆಯ ಜಾತ್ರೆ, ಸುಲ್ತಾನನ ಆನೆಗಳ ಮೆರವಣಿಗೆ ಎಲ್ಲವನ್ನೂ ಕಣ್ಣಾರೆ ಕಂಡು ಬರೆದವನು. ವಾಪಸು ಹೋಗುವಾಗ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ, ತ್ವೆರ್ ಮುಟ್ಟಲೇ ಇಲ್ಲ. ಬರಹ ಮಾತ್ರ ಮಾಸ್ಕೋ ಸೇರಿತು. ಈ ಹಡಗು ತ್ವೆರ್‌ಗೆ ಹೋಗುತ್ತದೆಯೇ?

ತ್ವೆರ್‌ನಲ್ಲಿ ಓದಿದ ಡಾಕ್ಟರ್

ಪೀಟರ್ಸ್‌ಬರ್ಗ್ ಹಡಗು ಡುಬ್ನಾದಲ್ಲಿ ಕೆಳಕ್ಕೆ ತಿರುಗುತ್ತದೆ, ತ್ವೆರ್ ಮೇಲಕ್ಕಿದೆ. ಮಾಸ್ಕೋದಿಂದ ತ್ವೆರ್‌ಗೆ ಹೋಗಿಬರುವ ಸಣ್ಣ ಪ್ರಯಾಣಗಳು ಬೇರೆ ಇವೆ. ನಿಕಿತಿನ್ ಪ್ರತಿಮೆ ನಮ್ಮ ಹಾಸ್ಟೆಲಿನವರು ಸಂಜೆ ತಿರುಗಾಡುವ ದಡದಲ್ಲೇ ಇದೆ, 1955ರದ್ದು. ಪೀಠವೇ ಒಂದು ದೋಣಿಯ ಆಕಾರ. ಅವನು ನಿಮ್ಮೂರಿಗೆ ಬಂದಿದ್ದ ಎಂದು ನನಗೆ ಮೊದಲು ಹೇಳಿದ್ದು ನಮ್ಮ ರಷ್ಯನ್ ಭಾಷೆಯ ಟೀಚರ್. ಕರ್ನಾಟಕದವನಾಗಿ ಬೀದರ ನೋಡಿಲ್ಲವೇ ಎಂದು ಕೇಳಿದ್ದರು. ಊರಿಗೆ ಬಂದ ವರ್ಷವೇ ನೋಡಿದೆ.

ಹಾವೇರಿಯಿಂದ

ಎಲ್ಲರ ಉತ್ಸಾಹ ಓದಿದೆ. ಆದರೂ ಹೇಳದಿರಲಾರೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ಜಿಲ್ಲೆಯ ಹುಡುಗ. ತಿನ್ನಲು ಏನಾದರೂ ತರೋಣ ಎಂದು ಹೊರಗೆ ಹೋದವನು. ದೇಹ ಬಂದ ದಿನ ನಾನು ಆ ಊರಿಗೆ ಹೋಗಿದ್ದೆ. ಕೆಲಸದ ಆಸೆ ತೋರಿಸಿ ಕರೆದೊಯ್ದ ಕಲಬುರಗಿಯ ಹುಡುಗರು ರಷ್ಯಾದ ಸೇನೆಯ ಕೈಗೆ ಸಿಕ್ಕಿಬಿದ್ದ ಸುದ್ದಿಯನ್ನು 2024ರಲ್ಲಿ ಎಲ್ಲರೂ ಓದಿದ್ದೇವೆ. ಆ ಯುದ್ಧ ನಡೆಸುತ್ತಿರುವ ದೇಶಕ್ಕೆ ಹಣ ಕೊಟ್ಟು ಹೊಳೆ ನೋಡಲು ಹೋಗುವುದು ನನ್ನಿಂದ ಆಗದು. ನೀವು ಹೋಗಬೇಡಿ ಎನ್ನುವ ಅಧಿಕಾರ ನನಗಿಲ್ಲ. ನನ್ನ ಸಂಕಟ ಇದು, ಅಷ್ಟೇ.

ಜಯನಗರದ ಮಗಳು

ಸರ್, ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಆದರೆ ಬರೆದಿದ್ದಕ್ಕೆ ಕೈಮುಗಿಯುತ್ತೇನೆ. ಇನ್ನೂ ನಿರ್ಧಾರ ಮಾಡಿಲ್ಲ.

ಹೊಳೆಬಾಗಿಲು

ಹಾವೇರಿಯವರೇ, ಟಿಕೆಟ್ ಮಾಡಿಸುವ ಮುನ್ನ ನಮ್ಮ ಮನೆಯಲ್ಲೂ ಇದೇ ಮಾತು ಆಯಿತು. ಮಗ ನಿಮ್ಮ ಪಕ್ಷ, ಇಂದಿಗೂ. ಅವನನ್ನು ನಾನು ಒಪ್ಪಿಸಲಿಲ್ಲ, ಅವನು ನನ್ನನ್ನು ತಡೆಯಲಿಲ್ಲ. ಹೋಗುವವರಿಗೆ ಒಂದು ವಿಷಯ ಹೇಳಬೇಕು: ಯುದ್ಧದ ನೆರಳು ಅಲ್ಲಿ ಇದ್ದೇ ಇದೆ. ಡ್ರೋನ್ ಭಯದಿಂದ ವಿಮಾನ ನಿಲ್ದಾಣಗಳನ್ನು ಕೆಲವು ಗಂಟೆ ಮುಚ್ಚುತ್ತಾರೆ, ಸಣ್ಣ ಊರುಗಳಲ್ಲಿ ಮೊಬೈಲ್ ಇಂಟರ್‌ನೆಟ್ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಹಡಗು ಹೊರಡುವ ದಿನಕ್ಕಿಂತ ಎರಡು ದಿನ ಮೊದಲೇ ಮಾಸ್ಕೋ ಸೇರಿ. ನಕ್ಷೆ, ಅನುವಾದದ ಆ್ಯಪ್ ಎರಡನ್ನೂ ಇಂಟರ್‌ನೆಟ್ ಇಲ್ಲದೆ ನಡೆಯುವಂತೆ ಫೋನಿನಲ್ಲಿ ಇಳಿಸಿಕೊಳ್ಳಿ.

ಹೇಮಾವತಿ ದಂಡೆ

ನೀರಿನಲ್ಲಿ ನಿಂತ ಗಂಟೆಗೋಪುರ ಒಂದನ್ನು ಈ ದಾರಿಯ ಫೋಟೊಗಳಲ್ಲಿ ನೋಡಿದ್ದೇನೆ. ಅದು ಯಾವ ಊರು? ನಮ್ಮ ಶೆಟ್ಟಿಹಳ್ಳಿ ಚರ್ಚಿನ ಹಾಗೆಯೇ ಇದೆ. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಚರ್ಚ್ ಅದು, ಹಾಸನದವರಿಗೆಲ್ಲ ಗೊತ್ತು.

ಹೊಳೆಬಾಗಿಲು

ಅದು ಕಲ್ಯಾಜಿನ್. 1800ರಲ್ಲಿ ಕಟ್ಟಿದ ಗಂಟೆಗೋಪುರ, ಎಪ್ಪತ್ತು ಮೀಟರಿಗೂ ಎತ್ತರ. ಉಗ್ಲಿಚ್ ಅಣೆಕಟ್ಟಿನ ನೀರು ನಿಂತಾಗ ಹಳೆಯ ಊರು ಮುಳುಗಿತು, ಚರ್ಚನ್ನು ಅದಕ್ಕೂ ಮೊದಲೇ ಕೆಡವಿದ್ದರು, ಗೋಪುರ ಒಂದೇ ಉಳಿಯಿತು. ಈಗ ಬುಡದ ಸುತ್ತ ಸಣ್ಣ ದ್ವೀಪ ಮಾಡಿ ಕಾಪಾಡಿದ್ದಾರೆ.

ನನ್ನ ಹೆಸರು ನೋಡಿ ಕೆಲವರಿಗೆ ತಿಳಿದಿರಬಹುದು, ನಾನು ಸಾಗರ ತಾಲ್ಲೂಕಿನವನು. ಲಿಂಗನಮಕ್ಕಿಗೆ 1964ರಲ್ಲಿ ನೀರು ನಿಂತಾಗ ನಮ್ಮ ಅಜ್ಜನ ಊರು ಹೋಯಿತು. ನಾವು ಅದನ್ನು ಮುಳುಗಡೆ ಎಂದಷ್ಟೇ ಕರೆಯುತ್ತೇವೆ, ಮುಳುಗಡೆಗೆ ಮುಂಚೆ, ಮುಳುಗಡೆ ಆದ ಮೇಲೆ ಎಂದೇ ಕಾಲ ಎಣಿಸುತ್ತೇವೆ. ಸಿಗಂದೂರಿನ ಲಾಂಚಿನಲ್ಲಿ ನಿಂತು ಕೆಳಗೆ ನೋಡುವುದು ಚಿಕ್ಕಂದಿನಿಂದ ನನ್ನ ಅಭ್ಯಾಸ. ಈಗ ಅಲ್ಲಿ ಸೇತುವೆ ಆಗಿದೆ.

ರಿಬಿನ್ಸ್ಕ್ ಜಲಾಶಯ ಬಂದದ್ದು ಯಾರೊಸ್ಲಾವ್ಲ್ ನೋಡಿ ಹಿಂದಿರುಗುವಾಗ, ರಾತ್ರಿ ಹತ್ತರ ಸುಮಾರು. ಜೂನ್ ಆದ್ದರಿಂದ ಇನ್ನೂ ಬೆಳಕಿತ್ತು. 4,580 ಚದರ ಕಿಲೋಮೀಟರ್. ಸ್ವಲ್ಪ ಹೊತ್ತಿಗೇ ದಡ ಕಾಣದಾಯಿತು. ಮೇಲಿನ ಅಂತಸ್ತಿನಲ್ಲಿ ನನ್ನ ಪಕ್ಕ ಎಂಬತ್ತರ ಸಮೀಪದ ಒಬ್ಬ ರಷ್ಯನ್ ಅಜ್ಜಿ ಕುಳಿತಿದ್ದರು, ಮೊಮ್ಮಗಳ ಜೊತೆ ಬಂದವರು. ಅವರು ಕೈಯನ್ನು ಕಂಬಿಯಾಚೆ ಚಾಚಿ ನೀರನ್ನು ತೋರಿಸಿ “ಮೊಲೋಗಾ” ಎಂದರು. ಮೊಮ್ಮಗಳಿಗೆ ಇಂಗ್ಲಿಷ್ ಬರುತ್ತಿತ್ತು.

ಮೊಲೋಗಾ ಒಂದು ಪಟ್ಟಣ. ಮೊದಲ ಯೋಜನೆಯಲ್ಲಿ ಜಲಾಶಯದ ಮಟ್ಟ 98 ಮೀಟರ್ ಇತ್ತು, ಪಟ್ಟಣ ಉಳಿಯುತ್ತಿತ್ತು. ಆಮೇಲೆ ವಿದ್ಯುತ್ ಹೆಚ್ಚು ಬೇಕೆಂದು 102 ಮಾಡಿದರು. ನಾಲ್ಕು ಮೀಟರ್. 1941ರಲ್ಲಿ ನೀರು ನಿಲ್ಲತೊಡಗಿತು. ಪಟ್ಟಣವೂ ನೂರಾರು ಹಳ್ಳಿಗಳೂ ಹೋದವು, ಸುಮಾರು 1,30,000 ಜನ ಊರು ಬಿಟ್ಟರು. ಮರದ ಮನೆಗಳನ್ನು ಬಿಚ್ಚಿ, ದಿಮ್ಮಿಗಳನ್ನೇ ತೆಪ್ಪ ಕಟ್ಟಿ, ಹೊಳೆಯಲ್ಲಿ ತೇಲಿಸಿಕೊಂಡು ರಿಬಿನ್ಸ್ಕ್‌ಗೆ ಒಯ್ದು ಮತ್ತೆ ನಿಲ್ಲಿಸಿದರು. ಆ ಅಜ್ಜಿ ಹುಟ್ಟಿದ್ದು ಹಾಗೆ ತೇಲಿಬಂದ ಮನೆಯಲ್ಲಿ. ಗೋಡೆಯ ದಿಮ್ಮಿಗಳ ತುದಿಯಲ್ಲಿ ಕೊಡಲಿಯಿಂದ ಕಚ್ಚು ಹಾಕಿದ್ದ ಅಂಕಿಗಳಿದ್ದವಂತೆ, ಯಾವುದರ ಮೇಲೆ ಯಾವುದು ಎಂದು ತಿಳಿಯಲು. ಎಣಿಸಲು ಕಲಿತದ್ದೇ ಅದರಲ್ಲಿ ಎಂದರು.

ನಮ್ಮ ಮನೆಯ ಜಂತೆಗಳ ಮೇಲೂ ಅಂಕಿಗಳಿವೆ. ಅಜ್ಜ ಹಳೆಯ ಮನೆ ಬಿಚ್ಚುವಾಗ ಟಾರಿನಲ್ಲಿ ಬರೆದದ್ದು. ಹೊಸ ಊರಿನಲ್ಲಿ ಮನೆ ಚಿಕ್ಕದಾಯಿತು, 31ರಿಂದ 40ರವರೆಗಿನ ಜಂತೆಗಳು ಕೊಟ್ಟಿಗೆಗೆ ಹೋದವು. ಫೋನಿನಲ್ಲಿ ಆ ಫೋಟೊ ಇತ್ತು, ಅಜ್ಜಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿನಿಂದ ದೊಡ್ಡದು ಮಾಡಿ, ಒಂದೊಂದೇ ಅಂಕಿಯನ್ನು ನೋಡಿದರು. ನೀರು ಇಳಿದ ವರ್ಷಗಳಲ್ಲಿ ಮೊಲೋಗಾದ ಬೀದಿಯ ಕಲ್ಲುಗಳು ಮೇಲೆ ಕಾಣುತ್ತವೆ, ಹೋಗಿಬರುತ್ತೇವೆ ಎಂದರು. ನಾನು ಲಿಂಗನಮಕ್ಕಿ ನೀರಿನಿಂದ ಬೇಸಿಗೆಯಲ್ಲಿ ಮೇಲೇಳುವ ನಮ್ಮ ಹಳೆಯ ಮಡೆನೂರು ಅಣೆಕಟ್ಟಿನ ಬಗ್ಗೆ ಹೇಳಿದೆ. ಮಲಗಲು ಹೋದಾಗ ಹನ್ನೆರಡು ದಾಟಿತ್ತು.

ಇದಕ್ಕೇ ನಾನು ಹೇಳುವುದು, ಈ ದಾರಿಯಲ್ಲಿ ಊರುಗಳನ್ನು ನೋಡುವಷ್ಟೇ ಗಮನದಿಂದ ನೀರನ್ನೂ ನೋಡಬೇಕು. ಜಲಾಶಯ ಬರುವ ಹೊತ್ತಿಗೆ ಹೆಚ್ಚಿನವರು ಒಳಗೆ ಹಾಡು ಕುಣಿತಕ್ಕೆ ಹೋಗಿದ್ದರು.

ಹೇಮಾವತಿ ದಂಡೆ

ಅಣ್ಣಾ, ಓದಿ ಗಂಟಲು ಕಟ್ಟಿತು. ಗೊರೂರಿನಲ್ಲಿ ನಮ್ಮ ತೋಟವೂ ಹೋಗಿದೆ.

ಜಯನಗರದ ಮಗಳು

ಹೊಳೆಬಾಗಿಲು ಅವರೇ, ಧನ್ಯವಾದ ಎಂದರೆ ಸಣ್ಣ ಮಾತಾಗುತ್ತದೆ. ಊರುಗಳಲ್ಲಿ ಅಮ್ಮ ಯಾವುದನ್ನು ಬಿಡಬಾರದು, ಯಾವುದನ್ನು ಬಿಟ್ಟು ವಿಶ್ರಾಂತಿ ತೆಗೆದುಕೊಳ್ಳಬಹುದು?

ಹೊಳೆಬಾಗಿಲು

ಬಿಡಬಹುದಾದದ್ದು ಮಾಂದ್ರೊಗಿ. ಸ್ವೀರ್ ದಡದಲ್ಲಿ ಪ್ರವಾಸಿಗರಿಗೆಂದೇ ಹೊಸದಾಗಿ ಕಟ್ಟಿದ ಹಳ್ಳಿ. ಬಣ್ಣದ ಮರದ ಮನೆಗಳು, ಅಂಗಡಿಗಳು, ಸುಟ್ಟ ಮಾಂಸದ ಊಟ. ಅಲ್ಲಿ ಕಾಡಿನ ಅಂಚಿನ ಬೆಂಚೊಂದರಲ್ಲಿ ಕುಳಿತರೆ ಸಾಕು.

ಉಗ್ಲಿಚ್ ಬಿಡಬೇಡಿ. ಕೆಂಪು ಗೋಡೆ, ನೀಲಿ ಗುಮ್ಮಟದ ಮೇಲೆ ಚಿನ್ನದ ನಕ್ಷತ್ರಗಳಿರುವ ಚರ್ಚು ದಡದಲ್ಲೇ ಇದೆ, ನಡಿಗೆ ಕಡಿಮೆ. 1591ರಲ್ಲಿ ಇವಾನ್ ದೊರೆಯ ಎಂಟು ವರ್ಷದ ಮಗ ದಿಮಿತ್ರಿ ಕತ್ತು ಸೀಳಿ ಸತ್ತದ್ದು ಆ ಜಾಗದಲ್ಲಿ. ಊರಿನ ಗಂಟೆ ಬಾರಿಸಿತು, ಜನ ಸೇರಿ ಕೊಂದವರೆಂದು ನಂಬಿದವರನ್ನು ಬಡಿದು ಹಾಕಿದರು. ಮಾಸ್ಕೋದವರು ಬಂದು ಜನರಿಗೆ ಶಿಕ್ಷೆ ಕೊಟ್ಟದ್ದಲ್ಲದೆ ಗಂಟೆಗೂ ಶಿಕ್ಷೆ ಕೊಟ್ಟರು. ಕೆಳಗಿಳಿಸಿ, ಚಾಟಿಯಿಂದ ಹೊಡೆಸಿ, ನಾಲಿಗೆ ಕಿತ್ತು, ಕಿವಿ ಕತ್ತರಿಸಿ, ಸೈಬೀರಿಯಾದ ತೊಬೊಲ್ಸ್ಕ್‌ಗೆ ಗಡೀಪಾರು ಮಾಡಿದರು. ಅದು ಊರಿಗೆ ಮರಳಿದ್ದು 1892ರಲ್ಲಿ. ಆ ಚರ್ಚಿನೊಳಗೇ ಇಟ್ಟಿದ್ದಾರೆ. ಕಿವಿ ಇದ್ದ ಜಾಗವನ್ನು ನೋಡಿ ನನ್ನ ಹೆಂಡತಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಗೊರಿತ್ಸಿಯಲ್ಲಿ ಇಳಿದರೆ ಬಸ್ಸಿನಲ್ಲಿ ಕಿರಿಲ್ಲೊ-ಬೆಲೊಜೆರ್ಸ್ಕಿ ಮಠಕ್ಕೆ ಕರೆದೊಯ್ಯುತ್ತಾರೆ, 1397ರಲ್ಲಿ ಸ್ಥಾಪನೆಯಾದದ್ದು. ಸ್ವಲ್ಪ ದೂರದ ಫೆರಾಪೊಂತೊವೊದಲ್ಲಿ ದಿಯೊನಿಸಿ 1502ರಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಅವಕಾಶ ಸಿಕ್ಕರೆ ಅದನ್ನೇ ಆರಿಸಿ. ಮಠಗಳಲ್ಲಿ ಹೆಂಗಸರು ತಲೆಯ ಮೇಲೆ ಬಟ್ಟೆ ಹಾಕಿಕೊಳ್ಳಬೇಕು. ಸೀರೆಯ ಸೆರಗು ಸಾಕಾಯಿತು, ದ್ವಾರದಲ್ಲಿದ್ದ ಸನ್ಯಾಸಿನಿ ಅದರ ಅಂಚನ್ನು ಮುಟ್ಟಿ ನೋಡಿ ನಕ್ಕರು.

ಇನ್ನು ಒನೆಗಾ ಸರೋವರದ ಕಿಝಿ ದ್ವೀಪ. 1714ರ ಮರದ ಚರ್ಚು, 22 ಗುಮ್ಮಟಗಳು, 37 ಮೀಟರ್ ಎತ್ತರ. ಗೋಡೆಗಳಿಗೆ ಮೊಳೆಯಿಲ್ಲ, ದಿಮ್ಮಿಗೆ ದಿಮ್ಮಿ ಕಚ್ಚಿಸಿದ್ದಾರೆ. ಗುಮ್ಮಟದ ಹೊದಿಕೆ ಆಸ್ಪೆನ್ ಮರದ ಸಣ್ಣ ಸಣ್ಣ ಹಲಗೆಗಳು. ನಾವು ಇಳಿದಾಗ ಮೋಡವಿತ್ತು, ಬೂದಿಬಣ್ಣ. ಹೊರಡುವಾಗ ಬಿಸಿಲು ಬಿತ್ತು, ಬೆಳ್ಳಿಯಾಯಿತು. ವರ್ಷಗಟ್ಟಲೆ ಇಡೀ ಕಟ್ಟಡವನ್ನು ಪದರ ಪದರವಾಗಿ ಎತ್ತಿಹಿಡಿದು, ಕೊಳೆತ ದಿಮ್ಮಿಗಳನ್ನು ಬದಲಿಸಿ, 2020ರಲ್ಲಿ ಕೆಲಸ ಮುಗಿಸಿದ್ದಾರೆ. ಹುಲ್ಲಿನೊಳಗೆ ವಿಷದ ಹಾವುಗಳಿವೆ, ದಾರಿ ಬಿಟ್ಟು ಇಳಿಯಬೇಡಿ ಎನ್ನುತ್ತಾರೆ. ಗಾಳಿ ಕೊರೆಯುತ್ತದೆ, ಜೂನ್ ಎಂದು ಸ್ವೆಟರ್ ಬಿಟ್ಟು ಬರಬೇಡಿ.

ಕನಕಪುರ ರಸ್ತೆ

ಪೀಟರ್ಸ್‌ಬರ್ಗ್‌ನಲ್ಲಿ ಎರಡು ಗಂಟೆ ಬಿಡುವು ಮಾಡಿಕೊಂಡು ರಷ್ಯನ್ ಮ್ಯೂಸಿಯಂಗೆ ಹೋಗಿ. ನಮ್ಮ ತಾತಗುಣಿ ತೋಟದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು ಆ ನಗರದಲ್ಲಿ, 1904ರಲ್ಲಿ. ತೀರಿಕೊಂಡದ್ದು ಬೆಂಗಳೂರಿನಲ್ಲಿ, 1993ರಲ್ಲಿ. ಅವರ ತಂದೆ ನಿಕೊಲಾಯ್ ರೋರಿಕ್‌ರ ಚಿತ್ರಗಳು ಆ ಮ್ಯೂಸಿಯಂನಲ್ಲಿವೆ. ಮಗ ಹುಟ್ಟುವ ಹೊತ್ತಿಗೆ ತಂದೆ ಹಳೆಯ ರಷ್ಯನ್ ಪಟ್ಟಣಗಳನ್ನು ಸುತ್ತಿ ಚಿತ್ರ ಬರೆಯುತ್ತಿದ್ದರು, ಉಗ್ಲಿಚ್ ಕೂಡ ಅದರಲ್ಲಿ ಸೇರಿದೆ.

ಜಯನಗರದ ಮಗಳು

ಟಿಕೆಟ್ ಆಯಿತು. ಹಾವೇರಿಯವರ ಮಾತು ಮನಸ್ಸಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೇವೆ. ಅಮ್ಮ ನಿನ್ನೆ ರಾತ್ರಿ ಹಳೆಯ ಅಟ್ಲಾಸ್ ತೆಗೆದು, 162, 113, 102, 33 ಎಂದು ನೀರಿನ ಮಟ್ಟಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಅವರ ಪ್ರಶ್ನೆ ಒಂದೇ: ಕಲ್ಯಾಜಿನ್ ಗೋಪುರ ಹಡಗಿನ ಯಾವ ಮಗ್ಗುಲಿಗೆ ಬರುತ್ತದೆ?

ಹೊಳೆಬಾಗಿಲು

ಮಾಸ್ಕೋ ಕಡೆಯಿಂದ ಹೋಗುವಾಗ ಬಲಕ್ಕೆ. ಹೊರಟ ಮರುದಿನ, ಉಗ್ಲಿಚ್ ತಲುಪುವ ಮುಂಚೆ. ನದಿ ತಿರುಗುವ ಕಡೆ ದೂರದಿಂದಲೇ ತುದಿ ಕಾಣುತ್ತದೆ, ಹತ್ತಿರ ಬಂದಾಗ ಹಡಗು ವೇಗ ಇಳಿಸುತ್ತದೆ. ಟೀಚರಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಬಲಗಡೆಯ ಕೋಣೆಯನ್ನೇ ಕೇಳಿ.